ಮಾಸ್ಕಿನ ಮೇಲಿನ ಅಕ್ಷರಗಳನ್ನು ಓದಿಸುವುದು: ಒಂದು ತಪ್ಪು ಉತ್ತರದಿಂದ ಕಲಿತದ್ದು

ಬೋಧನಾಭ್ಯಾಸದ ಆರನೆಯ ವಾರ ಎಂಟನೇ ತರಗತಿಗೆ ವಾಯುಮಾಲಿನ್ಯದ ಪಾಠ ಮಾಡುತ್ತಿದ್ದೆ. ನನಗೆ ಹಂಚಿಕೆಯಾಗಿದ್ದುದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಊರಿನ ಹಿಂದಿನ ಗುಡ್ಡದಲ್ಲಿ ಕಲ್ಲು ಕ್ವಾರಿ, ಅದರ ಪಕ್ಕದಲ್ಲೇ ಜಲ್ಲಿ ಕ್ರಷರ್. ತರಗತಿಯ ಹಲವು ಮಕ್ಕಳ ಮನೆಯವರು ಅಲ್ಲಿಗೇ ಕೆಲಸಕ್ಕೆ ಹೋಗುತ್ತಾರೆ. ದೂಳು ಅವರಿಗೆ ಪಠ್ಯದ ವಿಷಯವಲ್ಲ. ಸಂಜೆ ಅಪ್ಪನ ಅಂಗಿ ಒದರಿದಾಗ ಕಾಣುವ ವಸ್ತು.

ಪಾಠದ ಕೊನೆಯ ಭಾಗ 'ರಕ್ಷಣೋಪಾಯಗಳು'. ಕೋವಿಡ್ ಕಾಲದಿಂದ ಎಲ್ಲರ ಬಾಯಲ್ಲಿರುವ ಎನ್95 ಮಾಸ್ಕಿನ ವಿಷಯ ಬಂತು. ನಾನು ಕಪ್ಪುಹಲಗೆಯ ಮೇಲೆ ಹೀಗೆ ಬರೆಸಿದೆ: "ಎನ್95 ಮಾಸ್ಕ್ 0.3 ಮೈಕ್ರೊಮೀಟರ್‌ಗಿಂತ ದೊಡ್ಡ ಕಣಗಳಲ್ಲಿ ಶೇಕಡಾ 95ನ್ನು ಜರಡಿಯಂತೆ ತಡೆಯುತ್ತದೆ. ಅದಕ್ಕಿಂತ ಸಣ್ಣವು ಒಳಗೆ ಹೋಗುತ್ತವೆ." ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು.

ಮರುದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಚೀಲದಿಂದ ಒಂದು ಮಾಸ್ಕ್ ತೆಗೆದು ತೋರಿಸಿದ. ಬಿಳಿ ಬಣ್ಣ, ಕಿವಿಗೆ ಸಿಕ್ಕಿಸುವ ಎಲಾಸ್ಟಿಕ್, ಒಂದು ಪಕ್ಕದಲ್ಲಿ ಪ್ಲಾಸ್ಟಿಕ್ ಕವಾಟ, ಮುಂದೆ ದಪ್ಪ ಅಕ್ಷರದಲ್ಲಿ ಎನ್95.

"ಮಿಸ್, ಇದು ಎನ್95 ಅಲ್ವಾ? ನಮ್ಮಪ್ಪ ಕ್ರಷರ್‌ಗೆ ಇದನ್ನೇ ಹಾಕ್ಕೊಂಡು ಹೋಗೋದು. ಸಾಕಾ?"

"ಸಾಕು, ಒಳ್ಳೆಯದೇ" ಎಂದೆ. ಹುಡುಗನಿಗೆ ಸಮಾಧಾನವಾಯಿತು. ನಾನು ಮುಂದಿನ ಅಂಶಕ್ಕೆ ಹೋದೆ.

ಅಂದು ನಮ್ಮ ಮೇಲ್ವಿಚಾರಕ ಉಪನ್ಯಾಸಕರು ಹಿಂದೆ ಕುಳಿತು ಪಾಠ ವೀಕ್ಷಿಸುತ್ತಿದ್ದರು. ಪ್ರಶ್ನಿಸುವ ಕೌಶಲ, ಕಪ್ಪುಹಲಗೆ ಬಳಕೆ ಎಲ್ಲಕ್ಕೂ ಒಳ್ಳೆಯ ಅಂಕ ಹಾಕಿದ್ದರು. ಕೊನೆಯಲ್ಲಿ ಮಾತ್ರ ಒಂದು ಸಾಲು: "'ಸಾಕು' ಎಂದಿರಿ. ಯಾವ ಆಧಾರದ ಮೇಲೆ?"

ನನ್ನಲ್ಲಿ ಆಧಾರವಿರಲಿಲ್ಲ. ಆ ವಾರವೆಲ್ಲ ಹುಡುಕಿ ಓದಿದೆ. ಬರೆಸಿದ್ದ ಎರಡು ವಾಕ್ಯಗಳೂ ತಪ್ಪು, ಹೇಳಿದ್ದ ಒಂದು ಉತ್ತರವೂ ತಪ್ಪು ಎಂದು ತಿಳಿಯಿತು. ತಿಳಿದುಕೊಂಡದ್ದನ್ನೂ ಮರುಪಾಠ ಮಾಡಿದ ರೀತಿಯನ್ನೂ ಇಲ್ಲಿ ಬರೆದಿದ್ದೇನೆ. ವಿಜ್ಞಾನ ಬೋಧಿಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು.

ಮೊದಲ ಪ್ರಶ್ನೆ: ಇದು ಯಾವ ಬಗೆಯ ಮಾಸ್ಕ್?

ನಾವು ಮಾಸ್ಕ್ ಎಂದು ಒಂದೇ ಹೆಸರಿನಲ್ಲಿ ಕರೆಯುವ ವಸ್ತುಗಳು ನಿಜವಾಗಿ ಮೂರು ಬಗೆ.

ಒಂದು, ಬಟ್ಟೆಯದು. ಟವೆಲ್, ಕರ್ಚೀಫು, ಸೀರೆಯ ಸೆರಗು ಎಲ್ಲ ಇದರಲ್ಲಿ ಸೇರುತ್ತವೆ. ಕಣ್ಣಿಗೆ ಕಾಣುವ ದಪ್ಪ ದೂಳನ್ನು ಇವು ತಡೆಯುತ್ತವೆ. ಕಾಣದ ಸಣ್ಣ ಕಣಗಳ ಬಗ್ಗೆ ಇವುಗಳಿಂದ ಯಾವ ಖಾತರಿಯೂ ಇಲ್ಲ.

ಎರಡು, ಶಸ್ತ್ರಚಿಕಿತ್ಸಾ ಮಾಸ್ಕ್. ಆಸ್ಪತ್ರೆಯಲ್ಲಿ ಕಾಣುವ ನೀಲಿ ಮಾಸ್ಕ್ ಇದೇ. ಇದರ ಮೂಲ ಉದ್ದೇಶ ಹಾಕಿಕೊಂಡವರ ಬಾಯಿಂದ ಹೊರಡುವ ಹನಿಗಳು ರೋಗಿಯ ಗಾಯಕ್ಕೆ ಬೀಳದಂತೆ ನೋಡಿಕೊಳ್ಳುವುದು, ರಕ್ತ ಮುಂತಾದ ದ್ರವ ಮುಖಕ್ಕೆ ಸಿಡಿದರೆ ತಡೆಯುವುದು. ಭಾರತದಲ್ಲಿ ಇದಕ್ಕೆ ಐಎಸ್ 16289 ಎಂಬ ಪ್ರತ್ಯೇಕ ಮಾನಕವಿದೆ. ಇದರ ಪೊಟ್ಟಣದ ಮೇಲೆ 'ಬಿಎಫ್‌ಇ 98' ಎಂದಿದ್ದರೆ ಅದು ಬ್ಯಾಕ್ಟೀರಿಯಾ ಶೋಧನಾ ಸಾಮರ್ಥ್ಯ. ಆ ಪರೀಕ್ಷೆಯಲ್ಲಿ ಬಳಸುವುದು ಬ್ಯಾಕ್ಟೀರಿಯಾ ಇರುವ, ಸರಾಸರಿ ಸುಮಾರು 3 ಮೈಕ್ರೊಮೀಟರ್ ಗಾತ್ರದ ಹನಿಗಳನ್ನು. ಎನ್95 ಪರೀಕ್ಷೆಯ ಕಣಗಳು ಅದಕ್ಕಿಂತ ತುಂಬ ಸಣ್ಣವು. ಹಾಗಾಗಿ 98 ದೊಡ್ಡದು, 95 ಚಿಕ್ಕದು ಎಂದು ಈ ಎರಡು ಅಂಕಿಗಳನ್ನು ಹೋಲಿಸುವುದು ಕನ್ನಡದಲ್ಲಿ ಪಡೆದ 98ನ್ನು ಗಣಿತದಲ್ಲಿ ಪಡೆದ 95ರೊಂದಿಗೆ ಹೋಲಿಸಿ ಯಾರು ಜಾಣರೆಂದು ತೀರ್ಮಾನಿಸಿದಂತೆ.

ಮೂರು, ರೆಸ್ಪಿರೇಟರ್, ಅಂದರೆ ಉಸಿರಾಟದ ರಕ್ಷಣೆಗೆಂದೇ ಮಾಡಿದ್ದು. ಎನ್95, ಎಫ್‌ಎಫ್‌ಪಿ2, ಕೆಎನ್95 ಈ ಗುಂಪಿನವು. ಇದು ಮುಖಕ್ಕೆ ಅಂಟಿಕೊಂಡು ಕೂರಬೇಕು. ಒಳಗೆ ಹೋಗುವ ಗಾಳಿಯೆಲ್ಲ ಮಾಸ್ಕಿನ ಪದರದ ಮೂಲಕವೇ ಹೋಗಬೇಕು. ಕಲ್ಲಿನ ದೂಳಿನ ವಿಷಯದಲ್ಲಿ ಮಾತನಾಡಬೇಕಾದದ್ದು ಈ ಬಗೆಯನ್ನು ಕುರಿತು ಮಾತ್ರ.

ಜರಡಿಯ ತಪ್ಪು ಕಲ್ಪನೆ

ನಾನು ಕೊಟ್ಟ ಜರಡಿಯ ಉಪಮೆ ಸುಲಭ, ಆದರೆ ತಪ್ಪು. ರಾಗಿ ಹಿಟ್ಟು ಜರಡಿ ಹಿಡಿದಾಗ ತೂತಿಗಿಂತ ದೊಡ್ಡದು ಮೇಲೆ ಉಳಿಯುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ಮಾಸ್ಕಿನ ಸೋಸುಪದರ ಹಾಗಲ್ಲ. ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಬಿಸಿಗಾಳಿಯಿಂದ ಊದಿ ಮಾಡಿದ ಅತಿ ತೆಳು ಎಳೆಗಳ ಗೋಜಲು. ಎಳೆಗಳ ನಡುವಿನ ಸಂದುಗಳು ಹಿಡಿಯಬೇಕಾದ ಕಣಗಳಿಗಿಂತ ಬಹಳ ದೊಡ್ಡವು. ಆದರೂ ಕಣಗಳು ಸಿಕ್ಕಿಬೀಳುತ್ತವೆ. ಹೇಗೆ?

ಜಾತ್ರೆಯ ಜನಜಂಗುಳಿಯನ್ನು ನೆನಪಿಸಿಕೊಳ್ಳಿ. ನಿಂತ ಜನ ಎಳೆಗಳು. ನಡುವೆ ಹಾಯುವವರು ಕಣಗಳು. ತುಂಬಿದ ಕೈಗಾಡಿ ವೇಗವಾಗಿ ಬಂದರೆ ತಟ್ಟನೆ ತಿರುಗಲಾರದೆ ಎದುರಿನವರಿಗೆ ಗುದ್ದುತ್ತದೆ. ದೊಡ್ಡ ಕಣಗಳು ಹೀಗೆ ಜಡತ್ವದಿಂದ ಎಳೆಗೆ ಡಿಕ್ಕಿ ಹೊಡೆದು ನಿಲ್ಲುತ್ತವೆ. ಇನ್ನು ತೀರಾ ಚಿಕ್ಕ ಮಕ್ಕಳು ನೇರವಾಗಿ ನಡೆಯುವುದಿಲ್ಲ. ಅತ್ತ ಇತ್ತ ಓಡುತ್ತ ಎಲ್ಲರಿಗೂ ತಾಗುತ್ತಾರೆ. ಅತಿ ಸಣ್ಣ ಕಣಗಳೂ ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಹೀಗೆಯೇ ಅಡ್ಡಾದಿಡ್ಡಿ ಓಡಾಡುತ್ತವೆ. ಇದೇ ಬ್ರೌನಿಯನ್ ಚಲನೆ. ಹಾಗಾಗಿ ಅವೂ ಎಳೆಗೆ ತಾಗಿ ಅಂಟಿಕೊಳ್ಳುತ್ತವೆ. ಗುಂಪಿನ ನಡುವೆ ಚೆನ್ನಾಗಿ ನುಸುಳಿಹೋಗುವವರು ಗಾಡಿಯೂ ಅಲ್ಲದ, ಮಗುವೂ ಅಲ್ಲದ ನಡುಗಾತ್ರದವರು. ಮಾಸ್ಕಿನ ಪದರದಲ್ಲಿಯೂ ಹಿಡಿಯಲು ಅತಿ ಕಷ್ಟವಾದದ್ದು ಒಂದು ನಡುಗಾತ್ರ. ವಿದ್ಯುದಾವೇಶವಿಲ್ಲದ ಪದರಗಳಲ್ಲಿ ಅದು ಸುಮಾರು 0.3 ಮೈಕ್ರೊಮೀಟರ್, ಆವೇಶ ತುಂಬಿದ ಪದರಗಳಲ್ಲಿ ಇನ್ನೂ ಸಣ್ಣದು.

ಅಂದರೆ 0.3 ಎಂಬುದು ಮಾಸ್ಕ್ ಸೋಲುವ ಗಡಿಯಲ್ಲ, ಮಾಸ್ಕಿಗೆ ಕೊಡುವ ಕಠಿಣ ಪ್ರಶ್ನೆ. ಅದಕ್ಕಿಂತ ದೊಡ್ಡ ಕಣಗಳನ್ನೂ, ತೀರಾ ಸಣ್ಣ ಕಣಗಳನ್ನೂ ಪದರ ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. 'ಅದಕ್ಕಿಂತ ಸಣ್ಣವು ಒಳಗೆ ಹೋಗುತ್ತವೆ' ಎಂದು ನಾನು ಬರೆಸಿದ್ದು ಪೂರ್ತಿ ತಲೆಕೆಳಗಾಗಿತ್ತು.

ಇದಕ್ಕೆ ಇನ್ನೊಂದು ಶಕ್ತಿಯೂ ಸೇರುತ್ತದೆ: ಸ್ಥಿರವಿದ್ಯುತ್. ತಯಾರಿಕೆಯಲ್ಲಿ ಎಳೆಗಳಿಗೆ ವಿದ್ಯುದಾವೇಶ ತುಂಬಿರುತ್ತಾರೆ. ತಲೆಗೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಸ್ಕೇಲು ಕಾಗದದ ಚೂರುಗಳನ್ನು ಎಳೆದುಕೊಳ್ಳುವಂತೆ ಈ ಎಳೆಗಳು ಕಣಗಳನ್ನು ಎಳೆದುಕೊಳ್ಳುತ್ತವೆ. ಉಸಿರಾಟಕ್ಕೆ ಕಷ್ಟವಾಗದಷ್ಟು ತೆಳುವಾದ ಪದರ ಇಷ್ಟು ಚೆನ್ನಾಗಿ ಸೋಸುವುದರ ಗುಟ್ಟು ಇದೇ. ಇಂಥ ಮಾಸ್ಕನ್ನು ಸೋಪಿನಲ್ಲಿ ಒಗೆಯಬಾರದು, ಸ್ಯಾನಿಟೈಸರ್ ಸಿಂಪಡಿಸಬಾರದು ಎನ್ನುವುದರ ಕಾರಣವೂ ಇದೇ. ಆಲ್ಕೋಹಾಲು, ಸೋಪು ಆ ಆವೇಶವನ್ನು ಹಾಳುಮಾಡುತ್ತವೆ. ಒಗೆದ ಮಾಸ್ಕ್ ನೋಡಲು ಶುಭ್ರ. ಸೋಸುವ ಶಕ್ತಿ ಮಾತ್ರ ಕುಂದಿರುತ್ತದೆ.

ಅಕ್ಷರ ಏನು ಹೇಳುತ್ತದೆ, ಅಂಕಿ ಏನು ಹೇಳುತ್ತದೆ?

ಎನ್95 ಅಮೆರಿಕದ ವರ್ಗೀಕರಣ. ಅಲ್ಲಿನ ನಯೋಷ್ ಎಂಬ ಸರ್ಕಾರಿ ಸಂಸ್ಥೆ, ಅಂದರೆ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ, 1995ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಇದನ್ನು ಅನುಮೋದಿಸುತ್ತದೆ. ಅಕ್ಷರ ಎಣ್ಣೆಯ ವಿಷಯ ಹೇಳುತ್ತದೆ. ಎಣ್ಣೆಯ ತುಂತುರು ಇರುವ ಗಾಳಿಯಲ್ಲಿ ಕೆಲವು ಪದರಗಳ ಶಕ್ತಿ ಕುಗ್ಗುತ್ತದೆ. ಎನ್ ಎಂದರೆ ಎಣ್ಣೆಗೆ ತಾಳುವುದಿಲ್ಲ, ಆರ್ ಎಂದರೆ ಸ್ವಲ್ಪ ಮಟ್ಟಿಗೆ ತಾಳುತ್ತದೆ, ಪಿ ಎಂದರೆ ಚೆನ್ನಾಗಿ ತಾಳುತ್ತದೆ. ಅಂಕಿ ಸೋಸುವ ಸಾಮರ್ಥ್ಯ ಹೇಳುತ್ತದೆ: 95, 99 ಮತ್ತು 100. ಕೊನೆಯದು ನಿಜವಾಗಿ ಶೇಕಡಾ 99.97. ಮೂರು ಅಕ್ಷರ, ಮೂರು ಅಂಕಿ. ಒಟ್ಟು ಒಂಬತ್ತು ವರ್ಗ. ಎನ್ ವರ್ಗದ ಪರೀಕ್ಷೆಗೆ ಅಡುಗೆ ಉಪ್ಪಿನ, ಅಂದರೆ ಸೋಡಿಯಂ ಕ್ಲೋರೈಡಿನ ಅತಿ ಸಣ್ಣ ಕಣಗಳನ್ನು ನಿಮಿಷಕ್ಕೆ 85 ಲೀಟರ್ ಗಾಳಿಯೊಂದಿಗೆ ಪದರದ ಮೂಲಕ ಹಾಯಿಸುತ್ತಾರೆ. ಇದು ಕಷ್ಟದ ದುಡಿಮೆಯಲ್ಲಿರುವವರ ಉಸಿರಾಟವನ್ನು ಗಮನದಲ್ಲಿಟ್ಟ ವೇಗ.

ಯುರೋಪಿನದು ಇಎನ್ 149 ಎಂಬ ಮಾನಕ. ಇದರಲ್ಲಿ ಎಫ್‌ಎಫ್‌ಪಿ1, ಎಫ್‌ಎಫ್‌ಪಿ2, ಎಫ್‌ಎಫ್‌ಪಿ3 ಎಂಬ ಮೂರು ವರ್ಗಗಳು. ಪದರ ಕ್ರಮವಾಗಿ ಕನಿಷ್ಠ ಶೇಕಡಾ 80, 94, 99 ಸೋಸಬೇಕು. ಇಷ್ಟಕ್ಕೇ ನಿಲ್ಲದೆ, ಮನುಷ್ಯರ ಮುಖಕ್ಕೆ ಮಾಸ್ಕ್ ಹಾಕಿ, ನಡೆಸಿ, ತಲೆ ಆಡಿಸಿ, ಮಾತಾಡಿಸಿ, ಒಟ್ಟಾರೆ ಒಳಗೆ ಎಷ್ಟು ಸೋರಿತು ಎಂದೂ ಅಳೆಯುತ್ತಾರೆ. ಹತ್ತು ಜನರಲ್ಲಿ ಕನಿಷ್ಠ ಎಂಟು ಜನರ ಸರಾಸರಿ ಸೋರಿಕೆ ಈ ಮೂರು ವರ್ಗಗಳಲ್ಲಿ ಕ್ರಮವಾಗಿ ಶೇಕಡಾ 22, 8, 2 ಮೀರಬಾರದು. ಎಫ್‌ಎಫ್‌ಪಿ2 ಮಾಸ್ಕಿನ ಪದರ 94 ಸೋಸಿದರೂ ಹಾಕಿಕೊಂಡವರಿಗೆ ಸಿಗುವ ರಕ್ಷಣೆಯ ಲೆಕ್ಕ ಬೇರೆ ಎಂದು ಮಾನಕವೇ ಒಪ್ಪಿಕೊಂಡಿದೆ.

ಭಾರತದ್ದು ಭಾರತೀಯ ಮಾನಕ ಬ್ಯೂರೊ ರೂಪಿಸಿದ ಐಎಸ್ 9473. ಇದೂ ಯುರೋಪಿನ ಮಾದರಿಯಲ್ಲೇ ಎಫ್‌ಎಫ್‌ಪಿ1, 2, 3 ಎಂಬ ವರ್ಗಗಳನ್ನು ಬಳಸುತ್ತದೆ. ಅಂದರೆ ನಮ್ಮ ದೇಶದ ಮಾನಕದಲ್ಲಿ ಎನ್95 ಎಂಬ ವರ್ಗದ ಹೆಸರು ಇಲ್ಲ. ಅದಕ್ಕೆ ಹತ್ತಿರದ್ದು ಎಫ್‌ಎಫ್‌ಪಿ2. ಚೀನಾದ ಕೆಎನ್95, ಕೊರಿಯಾದ ಕೆಎಫ್94 ಕೂಡ ಇದೇ ಮಟ್ಟದವು, ಆದರೆ ಅವರವರ ದೇಶದ ಮಾನಕ ಬೇರೆ, ಪರೀಕ್ಷೆಯ ವಿವರಗಳೂ ಬೇರೆ.

ಕವಾಟದ ಬಗ್ಗೆ ಒಂದು ಮಾತು. ಅದು ಬಿಡುವ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ, ಎಳೆಯುವ ಉಸಿರಿಗೆ ಮುಚ್ಚಿಕೊಳ್ಳುತ್ತದೆ. ಹಾಕಿಕೊಂಡವರಿಗೆ ಸೆಕೆ ಕಡಿಮೆ, ರಕ್ಷಣೆಯೂ ಇರುತ್ತದೆ. ಎದುರಿಗಿದ್ದವರಿಗೆ ರಕ್ಷಣೆ ಇಲ್ಲ. ಆದ್ದರಿಂದಲೇ 2020ರ ಜುಲೈನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಜನಸಾಮಾನ್ಯರು ಕವಾಟದ ಮಾಸ್ಕ್ ಹಾಕುವುದರ ವಿರುದ್ಧ ರಾಜ್ಯಗಳಿಗೆ ಪತ್ರ ಬರೆದದ್ದು. ದೂಳಿನ ಮಾತು ಬೇರೆ. ಕಲ್ಲುದೂಳು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲವಾದ್ದರಿಂದ ಕ್ರಷರಿನಲ್ಲಿ ಕವಾಟ ಇರುವುದು ತಪ್ಪಲ್ಲ. ಯಾವ ಅಪಾಯಕ್ಕೆ ಯಾವ ರಕ್ಷಣೆ ಎಂದು ಕೇಳದೆ 'ಕವಾಟ ಕೆಟ್ಟದ್ದು' ಎಂದು ಬರೆಸಿದರೆ ಅದೂ ಅರ್ಧ ಪಾಠವೇ.

ಮಾನಕ ಬೇರೆ, ಪ್ರಮಾಣೀಕರಣ ಬೇರೆ

ನನಗೆ ಅರ್ಥವಾಗಲು ತಡವಾದದ್ದು ಈ ವ್ಯತ್ಯಾಸ. ನಾವು ಶಿಕ್ಷಕರಾದ್ದರಿಂದ ಪರೀಕ್ಷೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಾನಕ ಎಂದರೆ ಪ್ರಶ್ನೆಪತ್ರಿಕೆ ಮತ್ತು ಉತ್ತೀರ್ಣತೆಯ ಅಂಕ. ಪ್ರಮಾಣೀಕರಣ ಎಂದರೆ ಮಂಡಳಿ ಪರೀಕ್ಷೆ ನಡೆಸಿ ಕೊಡುವ ಅಂಕಪಟ್ಟಿ. ಅಂಕಪಟ್ಟಿಯಲ್ಲಿ ನೋಂದಣಿ ಸಂಖ್ಯೆ ಇರುತ್ತದೆ. ಅದು ನಿಜವೋ ಅಲ್ಲವೋ ಎಂದು ಮಂಡಳಿಯಲ್ಲಿ ಕೇಳಿ ತಿಳಿಯಬಹುದು. ನನ್ನ ಚೀಲದ ಮೇಲೆ ನಾನೇ 'ಡಿಸ್ಟಿಂಕ್ಷನ್' ಎಂದು ಬರೆದುಕೊಂಡರೆ ಯಾರೂ ನಂಬುವುದಿಲ್ಲ. ಆದರೆ ಮಾಸ್ಕಿನ ಮೇಲೆ ತಯಾರಕನೇ 'ಎನ್95' ಎಂದು ಮುದ್ರಿಸಿದ್ದನ್ನು ನಾವೆಲ್ಲ ನಂಬುತ್ತೇವೆ. ಆ ಮೂರು ಗುರುತುಗಳು ಹೇಳಿಕೆ ಮಾತ್ರ, ಸಾಕ್ಷಿ ಅಲ್ಲ.

ಸಾಕ್ಷಿ ಎಲ್ಲಿರುತ್ತದೆ? ಭಾರತದಲ್ಲಿ ಪ್ರಮಾಣಿತವಾದ ಮಾಸ್ಕ್ ಅಥವಾ ಅದರ ಪೊಟ್ಟಣದ ಮೇಲೆ ಐಎಸ್‌ಐ ಗುರುತು ಇರಬೇಕು. ಗುರುತಿನ ಮೇಲ್ಭಾಗದಲ್ಲಿ ಐಎಸ್ 9473 ಎಂಬ ಮಾನಕದ ಸಂಖ್ಯೆ, ಕೆಳಗೆ 'ಸಿಎಂ/ಎಲ್' ಎಂದು ಆರಂಭವಾಗುವ ಪರವಾನಗಿ ಸಂಖ್ಯೆ. ಬರೀ ಐಎಸ್‌ಐ ಚಿತ್ರವಿದ್ದು ಸಂಖ್ಯೆ ಇಲ್ಲದಿದ್ದರೆ, ರಸ್ತೆಬದಿಯ ಹೆಲ್ಮೆಟ್ಟಿನ ಸ್ಟಿಕ್ಕರಿನಷ್ಟೇ ಅದರ ಬೆಲೆ. ಬ್ಯೂರೊದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಈ ಪರವಾನಗಿ ಸಂಖ್ಯೆ ಹಾಕಿದರೆ ತಯಾರಕನ ವಿವರ, ಯಾವ ಮಾನಕಕ್ಕೆ ಪರವಾನಗಿ, ಅದು ಜಾರಿಯಲ್ಲಿದೆಯೇ ಎಂಬುದೆಲ್ಲ ಬರುತ್ತದೆ.

ಅಮೆರಿಕದ ಅನುಮೋದನೆ ಪಡೆದದ್ದಾದರೆ ನಯೋಷ್ ಹೆಸರಿನ ಜೊತೆಗೆ 'ಟಿಸಿ-84ಎ' ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ನಕಲಿಗಳನ್ನು ಗುರುತಿಸಲು ಆ ಸಂಸ್ಥೆಯೇ ಕೆಲವು ಸುಳಿವು ಕೊಟ್ಟಿದೆ: ಅನುಮೋದನೆ ಸಂಖ್ಯೆ ಇಲ್ಲದಿರುವುದು, ಸಂಸ್ಥೆಯ ಹೆಸರಿನ ಕಾಗುಣಿತ ತಪ್ಪಾಗಿರುವುದು, ತಲೆಯ ಸುತ್ತ ಹಾಕುವ ಪಟ್ಟಿಯ ಬದಲು ಕಿವಿಗೆ ಸಿಕ್ಕಿಸುವ ಎಲಾಸ್ಟಿಕ್ ಇರುವುದು, ಮಕ್ಕಳಿಗೆ ಅನುಮೋದಿತ ಎಂದು ಬರೆದಿರುವುದು. ಕೊನೆಯದನ್ನು ನಾವು ವಿಶೇಷವಾಗಿ ಗಮನಿಸಬೇಕು. ನಯೋಷ್ ಅನುಮೋದನೆ ದುಡಿಯುವ ವಯಸ್ಕರಿಗಾಗಿ. ಮಕ್ಕಳ ಮಾಸ್ಕಿಗೆ ಅದು ಅನುಮೋದನೆ ಕೊಡುವುದೇ ಇಲ್ಲ.

ಯುರೋಪಿನ ಎಫ್‌ಎಫ್‌ಪಿ ಮಾಸ್ಕ್‌ಗಳ ಮೇಲೆ 'ಸಿಇ' ಗುರುತಿನ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರಬೇಕು. ಅದು ತಪಾಸಣೆ ಮಾಡಿದ ಅಧಿಕೃತ ಸಂಸ್ಥೆಯ ಸಂಖ್ಯೆ. ಪೊಟ್ಟಣದ ಮೇಲೆ 'ಐಎಸ್‌ಒ 9001' ಎಂದಿದ್ದರೆ ಅದು ಕಂಪನಿಯ ನಿರ್ವಹಣಾ ವ್ಯವಸ್ಥೆಗೆ ಸಂಬಂಧಿಸಿದ್ದು. ಆ ಮಾಸ್ಕ್ ಎಷ್ಟು ಸೋಸುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹುಣಸೆಬೀಜದ ಲೆಕ್ಕ

ಇನ್ನು ಮುಖಕ್ಕೆ ಅಂಟಿ ಕೂರುವ ವಿಷಯ. ಇದನ್ನು ತರಗತಿಯಲ್ಲಿ ನೂರು ಹುಣಸೆಬೀಜಗಳಿಂದ ಮಾಡಿಸಿದೆ. ನೂರು ಬೀಜ ನೂರು ದೂಳಿನ ಕಣ. ಮಾಸ್ಕಿನ ಅಂಚು ಸಡಿಲವಾಗಿದ್ದು ನೂರರಲ್ಲಿ ಇಪ್ಪತ್ತು ಸಂದಿಯಿಂದಲೇ ಒಳಗೆ ಹೋಗುತ್ತವೆ ಎಂದು ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕಾಗಿ ನಾನು ಆರಿಸಿದ ಅಂಕಿ. ಉಳಿದ ಎಂಬತ್ತು ಪದರದ ಮೂಲಕ ಹೋಗಬೇಕು.

ಪದರ 95 ಸೋಸುವುದಾದರೆ ಎಂಬತ್ತರಲ್ಲಿ ಶೇಕಡಾ 5, ಅಂದರೆ 4 ಬೀಜ ದಾಟುತ್ತವೆ. ಸಂದಿಯ 20 ಸೇರಿ ಒಳಗೆ ಹೋದದ್ದು 24.

ಪದರ 99 ಸೋಸುವುದಾದರೆ ದಾಟುವುದು 0.8. ಸಂದಿಯ 20 ಸೇರಿ ಸುಮಾರು 21.

ಈಗ ಪದರ ಬರೀ 80 ಸೋಸುವ ಮಾಸ್ಕ್, ಆದರೆ ಅಂಚು ಎಲ್ಲೂ ಸೋರುವುದಿಲ್ಲ. ಒಳಗೆ ಹೋದದ್ದು 20.

ಇಲ್ಲಿ ಮಕ್ಕಳು ನಿಂತು ನೋಡಿದರು. ಸೋರುವ 99ಕ್ಕಿಂತ ಸೋರದ 80 ಮೇಲು! ಸೋರದ 95 ಆಗಿದ್ದರೆ ಒಳಗೆ ಹೋಗುತ್ತಿದ್ದುದು ಐದೇ ಬೀಜ. ಸಂದಿ ಮುಚ್ಚುವುದರಿಂದ ಆಗುವ ಲಾಭದ ಮುಂದೆ 95ರಿಂದ 99ಕ್ಕೆ ಏರುವ ಲಾಭ ಏನೂ ಅಲ್ಲ. ಶೇಕಡಾವಾರು ಲೆಕ್ಕವನ್ನು ಇಷ್ಟು ಆಸಕ್ತಿಯಿಂದ ಮಾಡಿದ್ದನ್ನು ನಾನು ಆ ತರಗತಿಯಲ್ಲಿ ಅದಕ್ಕೂ ಮೊದಲು ನೋಡಿರಲಿಲ್ಲ.

ಕಲ್ಲುದೂಳಿನ ವಿಷಯದಲ್ಲಿ ಈ ಮಾತು ಇನ್ನೂ ನಿಜ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಲ್ಲಿನ ಕಣಗಳಲ್ಲಿ ಬಹುಪಾಲು ಕೆಲವೇ ಮೈಕ್ರೊಮೀಟರ್ ಗಾತ್ರದವು. ಪರೀಕ್ಷೆಯ ಉಪ್ಪಿನ ಕಣಗಳಿಗಿಂತ ಅವು ದೊಡ್ಡವಾದ್ದರಿಂದ ಒಳ್ಳೆಯ ಪದರ ಅವನ್ನು 95ಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಅಪಾಯವೆಲ್ಲ ಉಳಿಯುವುದು ಅಂಚಿನಲ್ಲಿ. ಮೂಗಿನ ಮೇಲಿನ ಪಟ್ಟಿಯನ್ನು ಎರಡೂ ಕೈಬೆರಳಿನಿಂದ ಒತ್ತಿ ಕೂರಿಸಬೇಕು. ಎರಡು ಪಟ್ಟಿಗಳಲ್ಲಿ ಒಂದು ನೆತ್ತಿಯ ಹಿಂದೆ, ಇನ್ನೊಂದು ಕತ್ತಿನ ಹಿಂದೆ ಇರಬೇಕು. ಅಂಚು ಕೂರುವ ಜಾಗದಲ್ಲಿ ಗಡ್ಡ ಇರಬಾರದು. ಹಾಕಿಕೊಂಡ ಮೇಲೆ ಕೈಯಿಂದ ಮುಚ್ಚಿ ಉಸಿರು ಬಿಟ್ಟಾಗ ಕಣ್ಣಿನ ಹತ್ತಿರವೋ ಕೆನ್ನೆಯಲ್ಲೋ ಗಾಳಿ ತಾಗಿದರೆ ಅಲ್ಲಿ ಸಂದಿ ಇದೆ ಎಂದರ್ಥ. ಕವಾಟದ ಮಾಸ್ಕಿನಲ್ಲಿ ಉಸಿರು ಬಿಡುವ ಬದಲು ಜೋರಾಗಿ ಎಳೆದುಕೊಂಡು, ಮಾಸ್ಕ್ ಮುಖದ ಕಡೆಗೆ ಸೆಳೆಯುತ್ತದೆಯೇ ಎಂದು ನೋಡಬೇಕು.

ಅಮೆರಿಕದ ಎನ್95 ಅನುಮೋದನೆಯಲ್ಲಿ ಮುಖದ ಸೋರಿಕೆಯ ಪರೀಕ್ಷೆ ಸೇರಿಲ್ಲ. ಅದನ್ನು ಕೆಲಸ ಕೊಡುವವರು ಪ್ರತಿಯೊಬ್ಬ ಕೆಲಸಗಾರನ ಮುಖಕ್ಕೂ ಬೇರೆಯಾಗಿ ಮಾಡಿಸಬೇಕು ಎಂಬುದು ಅಲ್ಲಿನ ನಿಯಮ. ತಲೆಗೆ ಮುಸುಕು ಹಾಕಿ, ಒಳಗೆ ಸ್ಯಾಕರಿನ್ ತುಂತುರು ಬಿಟ್ಟು, ಬಾಯಲ್ಲಿ ಸಿಹಿ ತಿಳಿದರೆ ಮಾಸ್ಕ್ ಸೋರುತ್ತಿದೆ ಎಂದು ತೀರ್ಮಾನಿಸುವುದು ಅದರ ಒಂದು ವಿಧಾನ.

'ಸಾಕಾ?' ಎಂಬ ಪ್ರಶ್ನೆ

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ ಗಣನೀಯವಾಗಿರುತ್ತದೆ. ಬೆಣಚು ಎಂದರೆ ಸ್ಫಟಿಕರೂಪದ ಸಿಲಿಕಾ. ಅದರ ನಯವಾದ ದೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಅಂಗಾಂಶ ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ, ತಡೆಗಟ್ಟಬಹುದು ಅಷ್ಟೇ. ಈ ರೋಗ ಇರುವವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. 1948ರ ಕಾರ್ಖಾನೆ ಕಾಯ್ದೆಯಲ್ಲಿಯೇ ಇದನ್ನು ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಲಾಗಿತ್ತು.

ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಉಸಿರಿಗೆ ಸೇರುವ ಸಿಲಿಕಾದ ಮಿತಿ ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೊಗ್ರಾಂ. ಸರಿಯಾಗಿ ಅಂಟಿ ಕೂರುವ, ಪ್ರಮಾಣಿತ ಎನ್95 ಮಾಸ್ಕಿಗೆ ಅದೇ ನಿಯಮ ಕೊಡುವ ರಕ್ಷಣಾ ಗುಣಾಂಕ 10. ಅಂದರೆ ಒಳಗಿನ ದೂಳು ಹೊರಗಿನದರ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ನಂಬಿಕೆ. ಗುಣಿಸಿದರೆ, ಹೊರಗಿನ ಗಾಳಿಯಲ್ಲಿ ಸಿಲಿಕಾ 500 ಮೈಕ್ರೊಗ್ರಾಂ ಇರುವವರೆಗೆ ಈ ಮಾಸ್ಕ್ ಸಾಕು. ಅದನ್ನು ಮೀರಿದರೆ ಎನ್95 ಕೂಡ ಸಾಲದು. ಆ ಕ್ರಷರಿನ ಗಾಳಿಯಲ್ಲಿ ಎಷ್ಟಿದೆ? ನಾನು ಅಳೆದಿಲ್ಲ. ಅಳೆಯದೆ 'ಸಾಕು' ಎಂದಿದ್ದೆ.

ಔದ್ಯೋಗಿಕ ಸುರಕ್ಷತೆಯಲ್ಲಿ ಮಾಸ್ಕ್ ಕೊನೆಯ ಉಪಾಯ. ಮೊದಲು ದೂಳು ಏಳದಂತೆ ನೋಡಬೇಕು: ಕೊರೆಯುವಾಗ, ಕಲ್ಲು ಪುಡಿ ಮಾಡುವಾಗ ನೀರು ಹಾಯಿಸುವುದು, ಕ್ರಷರಿಗೂ ಕನ್ವೇಯರಿಗೂ ಮುಚ್ಚಳಿಕೆ ಹಾಕುವುದು, ದೂಳನ್ನು ಎದ್ದಲ್ಲೇ ಎಳೆದುಕೊಳ್ಳುವ ಯಂತ್ರ ಇಡುವುದು. ಇವೆಲ್ಲ ಕೆಲಸ ಕೊಡುವವರ ಜವಾಬ್ದಾರಿ. ಮಾಸ್ಕಿನ ಪಾಠವನ್ನೇ ದೊಡ್ಡದು ಮಾಡಿದರೆ, ಕಾಯಿಲೆ ಬಂದದ್ದು ಕೆಲಸಗಾರ ಮಾಸ್ಕ್ ಸರಿಯಾಗಿ ಹಾಕದ್ದರಿಂದ ಎಂಬ ಅರ್ಥ ಮಕ್ಕಳ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಅದು ಅವರ ಅಪ್ಪನ ಮೇಲೆಯೇ ತಪ್ಪು ಹೊರಿಸಿದಂತೆ.

ಮರುಪಾಠ

ಮುಂದಿನ ಸೋಮವಾರ ಮಾರ್ಗದರ್ಶಿ ಶಿಕ್ಷಕಿಯವರ ಒಪ್ಪಿಗೆ ಪಡೆದು ಒಂದು ಅವಧಿ ತೆಗೆದುಕೊಂಡೆ. ಅದಕ್ಕೆ ಮೊದಲು ಆ ಹುಡುಗನನ್ನು ಬೇರೆಯಾಗಿ ಕರೆದು ಮಾತಾಡಿದೆ. "ನಾನು ಅವತ್ತು ಹೇಳಿದ್ದು ಸರಿಯಿರಲಿಲ್ಲ ಕಣೋ. ಇವತ್ತು ತರಗತಿಯಲ್ಲಿ ಎಲ್ಲರಿಗೂ ಹೇಳ್ತೀನಿ. ಆದರೆ ನಿಮ್ಮಪ್ಪನ ಮಾಸ್ಕ್ ತೋರಿಸೋದಿಲ್ಲ" ಎಂದೆ. ಅವನ ಮನೆಯ ವಸ್ತುವನ್ನು ಎಲ್ಲರ ಮುಂದೆ ನಕಲಿ ಎಂದು ಎತ್ತಿ ಹಿಡಿಯುವುದು ನನಗೆ ಬೇಡವಾಗಿತ್ತು. ಪೇಟೆಯಿಂದ ನಾನೇ ಎರಡು ಮಾಸ್ಕ್ ಕೊಂಡಿದ್ದೆ: ಐಎಸ್‌ಐ ಗುರುತು ಮತ್ತು ಪರವಾನಗಿ ಸಂಖ್ಯೆ ಇದ್ದದ್ದು ಒಂದು, ಬರೀ ಎನ್95 ಎಂದು ಮುದ್ರಿಸಿದ್ದು ಇನ್ನೊಂದು.

ಪಾಠ ಆರಂಭಿಸಿದ್ದು ಹಳೆಯ ಎರಡು ವಾಕ್ಯಗಳನ್ನು ಮತ್ತೆ ಕಪ್ಪುಹಲಗೆಯ ಮೇಲೆ ಬರೆದು ಅಡ್ಡಗೆರೆ ಎಳೆಯುವುದರಿಂದ. "ನಾನು ಬರೆಸಿದ್ದು ತಪ್ಪು. ಯಾಕೆ ತಪ್ಪು ಅಂತ ಇವತ್ತು ನೋಡೋಣ." ಮುಂದಿನ ಸಾಲಿನ ಹುಡುಗಿ ಕೇಳಿದಳು: "ಪೆನ್ನಲ್ಲಿ ಬರ್ದುಬಿಟ್ಟಿದೀವಿ ಮಿಸ್, ಏನ್ ಮಾಡೋದು?" ಅಳಿಸಬೇಡಿ, ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ ಎಂದೆ.

5ಇ ಮಾದರಿಯಲ್ಲಿ ಪಾಠ ಸಾಗಿತು. ತೊಡಗಿಸುವ ಹಂತದಲ್ಲಿ ಎರಡು ಮಾಸ್ಕ್ ಗುಂಪುಗಳಲ್ಲಿ ಸುತ್ತಿದವು. ಮೇಲೆ ಏನೇನು ಬರೆದಿದೆ ಎಂದು ಪಟ್ಟಿ ಮಾಡಿದರು. ಶೋಧಿಸುವ ಹಂತದಲ್ಲಿ ಸ್ಕೇಲು ಮತ್ತು ಕಾಗದದ ಚೂರು, ಹುಣಸೆಬೀಜದ ಲೆಕ್ಕ. ವಿವರಿಸುವ ಹಂತದಲ್ಲಿ ಜಾತ್ರೆಯ ಉದಾಹರಣೆ. ವಿಸ್ತರಿಸುವ ಹಂತದಲ್ಲಿ ಪರವಾನಗಿ ಸಂಖ್ಯೆಯನ್ನು ಶಿಕ್ಷಕಿಯವರ ಮೊಬೈಲಿನ ಆ್ಯಪ್‌ನಲ್ಲಿ ಹುಡುಕಿದ್ದು. ಮೌಲ್ಯಮಾಪನಕ್ಕೆ ಮಾಸ್ಕ್ ನೋಡಿದಾಗ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಮಕ್ಕಳೇ ರೂಪಿಸಿದರು:

1. ಇದು ಯಾವ ಬಗೆಯದು, ಯಾವ ಅಪಾಯಕ್ಕೆ ಮಾಡಿದ್ದು?
2. ಯಾವ ಮಾನಕ, ಯಾವ ವರ್ಗ?
3. ಸಂಖ್ಯೆ ಇದೆಯೇ? ಹುಡುಕಿದರೆ ಸಿಗುತ್ತದೆಯೇ?
4. ಮುಖಕ್ಕೆ ಅಂಟಿ ಕೂರುತ್ತದೆಯೇ?

ಐದನೆಯದನ್ನು ನಾನು ಸೇರಿಸಿದೆ: ಮಾಸ್ಕಿಗಿಂತ ಮೊದಲು ದೂಳನ್ನು ಕಡಿಮೆ ಮಾಡಲು ಅಲ್ಲಿ ಏನು ಮಾಡಿದ್ದಾರೆ?

ವಾರದ ನಂತರ ಆ ಹುಡುಗ ವರಾಂಡದಲ್ಲಿ ಸಿಕ್ಕಿ ಹೇಳಿದ: "ಅಪ್ಪ ಗಡ್ಡ ತೆಗ್ಸಿದ್ರು ಮಿಸ್. ನಂಬರ್ ಇರೋ ಮಾಸ್ಕ್ ನಮ್ಮೂರ ಅಂಗಡೀಲಿ ಸಿಗ್ಲಿಲ್ಲ. ನೀರು ಹೊಡೆಯೋ ಪೈಪು ಇದೆಯಂತೆ, ಮೋಟ್ರು ಕೆಟ್ಟಿದೆಯಂತೆ." ಅವನು ಐದೂ ಪ್ರಶ್ನೆಗಳನ್ನು ಮನೆಯಲ್ಲಿ ಓದಿ ಹೇಳಿದ್ದ. ನಾನು ಈ ಮಾತನ್ನು ಮುಖ್ಯ ಶಿಕ್ಷಕರಿಗೆ ತಿಳಿಸಿದೆ. ಮುಂದಿನ ಎಸ್‌ಡಿಎಂಸಿ ಸಭೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕರೆಸಿ ಪೋಷಕರೊಂದಿಗೆ ಮಾತಾಡಿಸೋಣ ಎಂದು ಅವರು ಒಪ್ಪಿದರು. ಆ ಸಭೆಗೆ ಮೊದಲೇ ನನ್ನ ಬೋಧನಾಭ್ಯಾಸದ ಅವಧಿ ಮುಗಿಯಿತು.

ಸಹಪ್ರಶಿಕ್ಷಣಾರ್ಥಿಗಳಿಗೆ

ನನ್ನ ಪಾಠಯೋಜನೆಯಲ್ಲಿ 'ಬೋಧನಾಂಶ', 'ಶಿಕ್ಷಕರ ಚಟುವಟಿಕೆ', 'ವಿದ್ಯಾರ್ಥಿಗಳ ಚಟುವಟಿಕೆ' ಎಂಬ ಕಾಲಂಗಳ ಪಕ್ಕದಲ್ಲಿ ಈಗ ಇನ್ನೊಂದು ಸಣ್ಣ ಕಾಲಂ ಎಳೆದುಕೊಳ್ಳುತ್ತೇನೆ: 'ಮಗು ಇದನ್ನು ಮನೆಗೆ ಒಯ್ದರೆ?' ಎಲ್ಲ ಪಾಠಕ್ಕೂ ಅದು ತುಂಬುವುದಿಲ್ಲ. ಆದರೆ ಔಷಧ, ಆಹಾರ, ವಿದ್ಯುತ್, ಕೀಟನಾಶಕ, ಮಾಸ್ಕ್ ಇಂಥ ವಿಷಯ ಬಂದಾಗ ಆ ಕಾಲಂ ಖಾಲಿ ಬಿಡುವಂತಿಲ್ಲ. ಇಂಥ ಕಡೆ ನಮ್ಮ ವಾಕ್ಯ ಪರೀಕ್ಷೆಯ ಉತ್ತರವಾಗಿ ನಿಲ್ಲುವುದಿಲ್ಲ. ಸಂಜೆ ಯಾರದೋ ಮನೆಯಲ್ಲಿ ಸಲಹೆಯಾಗುತ್ತದೆ. ಮಗು 'ಸಾಕಾ?' ಎಂದು ಕೇಳಿದಾಗ 'ನೋಡಿ ಹೇಳುತ್ತೇನೆ' ಎನ್ನುವುದಕ್ಕೆ ಅಂಕ ಕಡಿತವಾಗುವುದಿಲ್ಲ. ಮೇಲ್ವಿಚಾರಕರ ಆ ಒಂದು ಸಾಲಿಗೆ ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದ ಉತ್ತರವೂ ಇಷ್ಟೇ: "ಆಧಾರವಿರಲಿಲ್ಲ ಸರ್. ಮರುಪಾಠ ಮಾಡಿದ್ದೇನೆ."